ಜುಲೈನಲ್ಲಿ ಯಾಣ: ಶಿರಸಿಯಿಂದ ಒಂದೇ ದಿನಕ್ಕೆ ಆಗತ್ತಾ?

ಪ್ರಶ್ನೆ: ಯಾಣ, ವಿಭೂತಿ ಜಲಪಾತ ಎರಡನ್ನೂ ಒಂದೇ ದಿನ ನೋಡಬಹುದಾ? ಜೊತೆಗೆ ಅಮ್ಮ ಇರ್ತಾರೆ. ಉಂಬಳಕ್ಕೆ (ಕಾಡಿನ ಜಿಗಣೆ) ಏನು ಮಾಡೋದು?

ಉತ್ತರ 1: ಆಗತ್ತೆ, ಬೆಳಿಗ್ಗೆ 7ಕ್ಕೇ ಹೊರಡಿ. ಯಾಣ ಸುಮಾರು 40 ಕಿ.ಮೀ., ಘಟ್ಟದಲ್ಲಿ ಮಂಜು ಕವಿದ್ರೆ ಗಾಡಿ ತೆವಳತ್ತೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಸುತ್ತ ಮೆಟ್ಟಿಲೆಲ್ಲ ಪಾಚಿ. ಅಮ್ಮನಿಗೆ ಅಟ್ಟೆ ಸವೆದ ಚಪ್ಪಲಿ ಬೇಡವೇ ಬೇಡ.

ಉತ್ತರ 2: ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ತುರುಕಿ, ಮೇಲೆ ಹೊಗೆಸೊಪ್ಪಿನ ಪುಡಿ, ಸುಣ್ಣ ಸವರಿ. ಮಳೆಗೆ ತೊಳೆದುಹೋಗತ್ತೆ, ಆಗಾಗ ಮತ್ತೆ ಹಚ್ಚಬೇಕು. ಕಚ್ಚಿದ್ರೆ ಎಳೀಬೇಡಿ, ಸಣ್ಣ ತುದಿಯ ಅಡಿಗೆ ಉಗುರು ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಟ್ಟಿರತ್ತೆ, ಹಾಗಾಗಿ ಒಸರ್ತಾನೇ ಇರತ್ತೆ. ಹತ್ತಿ ಒತ್ತಿ ಹಿಡೀರಿ, ಗಾಬರಿ ಬೇಡ.

ಉತ್ತರ 3: ವಿಭೂತಿಯನ್ನು ಅಕ್ಟೋಬರಿಗೆ ಇಟ್ಕೊಳ್ಳಿ. ಹೋಗ್ಲೇಬೇಕು ಅಂದ್ರೆ ದೂರದಿಂದ ನೋಡಿ. ಮೇಲ್ಗಡೆ ಮಳೆ ಸುರಿದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರತ್ತೆ. ಕೆಂಪಗಾಯ್ತೋ, ತಕ್ಷಣ ದಡ ಹತ್ತಿ.