ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕ್ (ಕ್ಯಾಥೊಲಿಕ್ ಶೈಲಿಯ ಆರಾಧನೆಯ ಆಂಗ್ಲಿಕನ್) ಚರ್ಚಿನಲ್ಲಿ ಯಾರ ಕೆಲಸ ಏನು?

ಪ್ರಶ್ನೆ: ಹೈ ಮಾಸ್‌ನಲ್ಲಿ (ಹಾಡು, ಧೂಪಗಳೊಂದಿಗಿನ ವಿಧಿವತ್ತಾದ ಬಲಿಪೂಜೆ) ಪೀಠದ ಮುಂದೆ ಒಂದೇ ಬಣ್ಣದ ಉಡುಪಿನಲ್ಲಿ ನಿಲ್ಲುವ ಮೂವರೂ ಪಾದ್ರಿಗಳೇ? ಸಂಬಳ ಯಾರಿಗೆ?

ಉತ್ತರ 1: ಮೂವರೂ ಅಲ್ಲ. ಚಾಸುಬಲ್ (ತೋಳಿಲ್ಲದ ಹೊರ ನಿಲುವಂಗಿ) ತೊಟ್ಟವರು ಮಾಸ್ ಅರ್ಪಿಸುವ ಪಾದ್ರಿ. ಸುವಾರ್ತೆ ಓದುವುದು ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆಯ ದೀಕ್ಷಿತರು). ಇನ್ನೊಬ್ಬ ಪಾದ್ರಿಯೇ ಆ ಪಾತ್ರ ವಹಿಸುವುದೂ ಉಂಟು. ಮೂರನೆಯವರಾದ ಸಬ್‌ಡೀಕನ್ ಎಷ್ಟೋ ಕಡೆ ದೀಕ್ಷೆಯಾಗದ ಸಭಿಕರೇ. ತೋಳಿರುವ ಉಡುಪು ಡೀಕನ್, ಸಬ್‌ಡೀಕನ್ ಇಬ್ಬರದು, ಆದರೆ ಸಬ್‌ಡೀಕನ್‌ಗೆ ಸ್ಟೋಲ್ (ದೀಕ್ಷೆಯ ಗುರುತಾದ ಉದ್ದನೆಯ ಪಟ್ಟಿ) ಇಲ್ಲ.

ಉತ್ತರ 2: ಪೂರ್ಣಾವಧಿ ವಿಕಾರ್‌ಗೆ (ಚರ್ಚಿನ ಮುಖ್ಯ ಪಾದ್ರಿ) ಸಾಮಾನ್ಯವಾಗಿ ಸ್ಟೈಪೆಂಡ್ (ಜೀವನಭತ್ಯೆ), ಜೊತೆಗೆ ಮನೆ. ಚರ್ಚ್‌ವಾರ್ಡನ್ (ಚರ್ಚಿನ ಆಡಳಿತ ನೋಡಿಕೊಳ್ಳುವ ಸಭಿಕರು) ಸಾಮಾನ್ಯವಾಗಿ ಇಬ್ಬರು, ಸಂಬಳವಿಲ್ಲ, ಪ್ರತಿವರ್ಷ ಮೇ 31ರೊಳಗೆ ಆಯ್ಕೆ. ವಿಕಾರ್ ಹುದ್ದೆ ಖಾಲಿಯಾದರೆ ನಿಜವಾದ ಹೊರೆ ಇವರದೇ. ಆರ್ಗನಿಸ್ಟ್‌ಗೆ ಸಾಮಾನ್ಯವಾಗಿ ಹಣ ಸಿಗುತ್ತದೆ.

ಉತ್ತರ 3: ಸ್ಯಾಕ್ರಿಸ್ಟನ್ ಅವರನ್ನು ಬಿಟ್ಟಿರಲ್ಲ! ದಿನದ ಬಣ್ಣದ ಉಡುಪು, ರೊಟ್ಟಿ, ದ್ರಾಕ್ಷಾರಸ, ಮೇಣದಬತ್ತಿ ಎಲ್ಲ ಅವರದೇ ಜವಾಬ್ದಾರಿ. ಧೂಪದಾನಿ ಹಿಡಿಯುವ ಥ್ಯುರಿಫರ್ ಇದ್ದಿಲನ್ನು ಸುಮಾರು 10 ನಿಮಿಷ ಮೊದಲೇ ಹೊತ್ತಿಸಬೇಕು. ಮೇಲೆ ಬೂದಿ ಕಟ್ಟುವ ಮುನ್ನ ಧೂಪ ಸುರಿದರೆ ಕೆಂಡ ನಂದಬಹುದು. ಮುಚ್ಚಳ ಪೂರ್ತಿ ಇಳಿಸಿ ಸುಮ್ಮನೆ ನಿಂತರೂ ಗಾಳಿಯಿಲ್ಲದೆ ಅದೇ ಗತಿ, ತೂಗುತ್ತಿರಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ವರ್ಜರ್?

ಉತ್ತರ 2: ಕೋಲು ಹಿಡಿದು ಮೆರವಣಿಗೆಯ ಮುಂದೆ ನಡೆಯುವವರು. ಸಣ್ಣ ಚರ್ಚಿನಲ್ಲಿ ಬಾಗಿಲು, ಹೀಟರ್ ನೋಡಿಕೊಳ್ಳುವುದೂ ಅವರೇ.