ಕಂಬಳಕ್ಕೆ ರಾಷ್ಟ್ರಪತಿಗಳ ಅಂಕಿತ ಯಾಕೆ ಬೇಕಾಯಿತು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಕಾರ್ಕಳ ಕಡೆಯವನು. ಕೋಣ ನಮ್ಮದು, ಕರೆ (ಕೋಣ ಓಡುವ ಕೆಸರಿನ ಓಟದ ಕಣ) ನಮ್ಮದು, ವಿಧಾನಸಭೆಯೂ ನಮ್ಮದೇ. 2017ರಲ್ಲಿ ಕಂಬಳಕ್ಕೆ ಅವಕಾಶ ಕೊಡುವ ಮಸೂದೆ ಪಾಸಾದ ಮೇಲೂ ದೆಹಲಿಯ ಅಂಕಿತಕ್ಕೆ ಯಾಕೆ ಕಾಯಬೇಕಾಯಿತು ಸರ್? ಹಳ್ಳಿ ಕ್ರೀಡೆಗೂ ಕೇಂದ್ರಕ್ಕೂ ಏನು ಸಂಬಂಧ?

ವಕೀಲರ ಉತ್ತರ: ಕ್ರೀಡೆ ರಾಜ್ಯದ ವಿಷಯವೇ. ಆದರೆ ಕೋರ್ಟಿನಲ್ಲಿ ಚರ್ಚೆಯಾದದ್ದು ಕ್ರೀಡೆಯಲ್ಲ, ಕೋಣಕ್ಕಾಗುವ ಹಿಂಸೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆಯಂಥವು ಕೇಂದ್ರಕ್ಕೆ. ಪೊಲೀಸ್, ಕೃಷಿಯಂಥವು ರಾಜ್ಯಕ್ಕೆ. ಪ್ರಾಣಿಹಿಂಸೆ ತಡೆ ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 17ನೇ ನಮೂದು. ಅದರ ಮೇಲೆ ಸಂಸತ್ತು 1960ರಲ್ಲೇ ಕಾಯ್ದೆ ಮಾಡಿದೆ. ಅದನ್ನೇ ಹಿಡಿದು ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು ನಿಲ್ಲಿಸಿತು. 2016ರಲ್ಲಿ ನಮ್ಮ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು.

ಸಮವರ್ತಿ ವಿಷಯದಲ್ಲಿ ಎರಡು ಕಾನೂನು ತಿಕ್ಕಾಡಿದರೆ 254ನೇ ವಿಧಿಯ ಪ್ರಕಾರ ಕೇಂದ್ರದ್ದೇ ಮೇಲು. ತಪ್ಪಿಸಿಕೊಳ್ಳಲು ಒಂದೇ ದಾರಿ: ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳಿಗೆ ಕಳಿಸಿ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಕಂಬಳದ ಮಸೂದೆಗೆ 2018ರ ಫೆಬ್ರವರಿಯಲ್ಲಿ ಅಂಕಿತ ಬಿತ್ತು. ಸಹಿ ರಾಷ್ಟ್ರಪತಿಗಳದ್ದು, ತೀರ್ಮಾನ ಕೇಂದ್ರ ಸಂಪುಟದ್ದು. ಹಾಗಾಗಿ ಇದು ಹಕ್ಕಿಗಿಂತ ಅನುಮತಿಯಂತೆಯೇ ನನಗೆ ಕಾಣುವುದು.

ಇನ್ನೊಬ್ಬ ಸದಸ್ಯರು: ಹಾಗಾದರೆ ಕೇಂದ್ರ ನಾಳೆ ಮನಸ್ಸು ಬದಲಿಸಿದರೆ?

ವಕೀಲರು: ಬದಲಿಸಬಹುದು. ಅಂಕಿತ ಸಿಕ್ಕ ರಾಜ್ಯ ಕಾನೂನನ್ನೂ ಸಂಸತ್ತು ಹೊಸ ಕಾನೂನಿನಿಂದ ರದ್ದು ಮಾಡಬಹುದೆಂದು ಅದೇ ವಿಧಿ ಹೇಳುತ್ತದೆ. ಇಲಾಖೆಯ ಸುತ್ತೋಲೆಯಿಂದ ಮಾತ್ರ ಆಗುವ ಕೆಲಸವಲ್ಲ. ಸದ್ಯಕ್ಕೆ ಕೋರ್ಟಿನ ಭಯ ಕಡಿಮೆ: 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ ಮೂರೂ ರಾಜ್ಯಗಳು 1960ರ ಕಾಯ್ದೆಗೆ ಮಾಡಿದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಾನೂನಿನ ಷರತ್ತು ಮೀರಿ ಕೋಣಕ್ಕೆ ಹಿಂಸೆ ಕೊಟ್ಟರೆ ಆ ತೀರ್ಪು ಕಾಯುವುದಿಲ್ಲ ಅನ್ನುವುದನ್ನು ಕಂಬಳ ಸಮಿತಿಯವರಿಗೂ ಹೇಳಿ.

ಮೊದಲ ಸದಸ್ಯರು: 1976ರ ತುರ್ತು ಪರಿಸ್ಥಿತಿಯಲ್ಲಿ ರಾಜ್ಯದಿಂದ ಕಿತ್ತುಕೊಂಡ ವಿಷಯಗಳಲ್ಲಿ ಇದೂ ಒಂದಾ ಸರ್?

ವಕೀಲರು: ಅಲ್ಲ. 42ನೇ ತಿದ್ದುಪಡಿಯಲ್ಲಿ ಸಮವರ್ತಿಗೆ ಹೋದದ್ದು ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ ಮುಂತಾದವು. ಶಿಕ್ಷಣದ ವಿಷಯದಲ್ಲಿ ನನಗೆ ಇಂದಿಗೂ ಸಿಟ್ಟಿದೆ, ಅದಕ್ಕೆ ಬೇರೆ ಪ್ರಶ್ನೆ ಹಾಕಿ. ಪ್ರಾಣಿಹಿಂಸೆ ತಡೆ 1950ರಿಂದಲೂ ಸಮವರ್ತಿ ಪಟ್ಟಿಯಲ್ಲೇ ಇದೆ.