ಅಪ್‌ಡೇಟ್: ಉಪ್ಪಿನಕಾಯಿ ಅಂಗಡಿಯ ಡೊಮೇನ್ ಕೊಟ್ಟುಬಿಟ್ಟೆ

ಹೋದ ತಿಂಗಳು ಕೇಳಿದ್ದೆ: ಶಿರಸಿ ಪೇಟೆಯ ಉಪ್ಪಿನಕಾಯಿ ಅಂಗಡಿಯೊಂದರ ಹೆಸರಿನ ಡಾಟ್ ಕಾಮ್ ಡೊಮೇನ್ (ವೆಬ್‌ಸೈಟ್ ವಿಳಾಸ) 900 ರೂಪಾಯಿಗೆ ಹಿಡಿದಿಟ್ಟಿದ್ದೇನೆ, ಅವರಿಗೇ 25,000ಕ್ಕೆ ಮಾರಬಹುದಾ ಅಂತ. ಚೆನ್ನಾಗಿ ಬೈದಿರಿ.

ಆಮೇಲೆ ಯುಡಿಆರ್‌ಪಿ ಓದಿದೆ, ಡೊಮೇನ್ ಹೆಸರಿನ ಜಗಳ ಬಗೆಹರಿಸುವ 1999ರ ನಿಯಮ. ಟ್ರೇಡ್‌ಮಾರ್ಕ್ ಇದ್ದವರಿಗೇ ಖರ್ಚಿಗಿಂತ ಜಾಸ್ತಿಗೆ ಮಾರಲೆಂದೇ ಹೆಸರು ಕೊಂಡರೆ, ಅದೇ ದುರುದ್ದೇಶಕ್ಕೆ ಸಾಕ್ಷಿ. ಅಂಗಡಿಯವರ ಟ್ರೇಡ್‌ಮಾರ್ಕ್ ನೋಂದಣಿಯೂ ಆಗಿದೆ! ರೇಟು ಕೇಳಿ ಬರೆದಿಟ್ಟ ಮೆಸೇಜ್ ಪುಣ್ಯಕ್ಕೆ ಕಳಿಸಿರಲಿಲ್ಲ.

ಹೋಗಿ ಹೇಳಿದೆ. ಯಜಮಾನರು ಕವಳ ಹಾಕುತ್ತಾ ನಕ್ಕರು. "ತಮಾ, ನಮ್ಮ ಹೆಸರನ್ನ ನಮಗೇ ಮಾರ್ತೀಯಾ?" 900 ಕೊಟ್ಟರು, ಜೊತೆಗೆ ಅಪ್ಪೆಮಿಡಿ ಬಾಟಲಿ. ಹೊಸ ಡಾಟ್ ಕಾಮ್ 60 ದಿನ ಬೇರೆ ರಿಜಿಸ್ಟ್ರಾರ್‌ಗೆ, ಅಂದರೆ ಡೊಮೇನ್ ನೋಂದಾಯಿಸುವ ಬೇರೆ ಕಂಪನಿಗೆ, ಹೋಗುವುದಿಲ್ಲ. ಅದಕ್ಕೆ ನಾನು ಕೊಂಡ ಕಂಪನಿಯಲ್ಲೇ ಅವರಿಗೊಂದು ಖಾತೆ ತೆರೆದು ದಾಟಿಸಿದೆ.

ಅಡಿಕೆ ಅನ್ನೋ ಪದದ ಇನ್ನೊಂದು ಡೊಮೇನ್ ಮಾತ್ರ ಮಾರಾಟಕ್ಕಿದೆ. ಅದು ಯಾರೊಬ್ಬರ ಹೆಸರೂ ಅಲ್ಲ, ಅಲ್ವಾ?